ಡೀಸೆಲ್ ಹರಿದ ದಾರಿಯಲ್ಲೇ ಹುಡುಕಿ



ಇವತ್ತಿನ ಮಾತು ಪಿಕಪ್ ಗಾಡಿ ಓಡಿಸುವವರಿಗೆ. ಅದರಲ್ಲೂ ಬೆಳಗಾವಿ, ಖಾನಾಪುರ, ಧಾರವಾಡ, ಹಾವೇರಿ ಕಡೆಯಿಂದ ಗೋವಾಕ್ಕೆ ಮಾಲು ಹೊತ್ತು ಹೋಗಿ ಬರುವವರಿಗೆ. ಅಲ್ಲೇ ನೆಲೆ ನಿಂತು ಕುಂಡಯಿ, ಫೋಂಡಾ, ವಾಸ್ಕೋ ಸುತ್ತ ಬಾಡಿಗೆ ಹೊಡೆಯುವ ನಮ್ಮವರಿಗೆ. ಗಾಡಿ ಇಲ್ಲದವರೂ ಕೇಳಬಹುದು. ಗೋವಾದ ಅಡುಗೆಮನೆಗಳ ತರಕಾರಿ ಬಹಳಮಟ್ಟಿಗೆ ಬೆಳಗಾವಿಯಿಂದ ಇಂಥ ಗಾಡಿಗಳಲ್ಲೇ ಹೋಗುತ್ತದೆ. ಒಂದು ಗಾಡಿ ಘಾಟಿಯಲ್ಲಿ ನಿಂತರೆ ಅದರ ಹಿಂದೆ ಎಷ್ಟೋ ಜನರ ದಿನ ನಿಲ್ಲುತ್ತದೆ.

ಕುಂಡಯಿ ಗೊತ್ತಿಲ್ಲದವರಿಗೆ ಎರಡು ಮಾತು. ಪಣಜಿಯಿಂದ ಫೋಂಡಾಕ್ಕೆ ಹೋಗುವ ದಾರಿಯಲ್ಲಿ, ಪಣಜಿಯಿಂದ ಸುಮಾರು 20 ಕಿಲೋಮೀಟರ್ ದೂರದ ಊರು ಅದು. ಅಲ್ಲಿ ನವದುರ್ಗೆಯ ದೇವಸ್ಥಾನವಿದೆ. ತಪೋಭೂಮಿ ಆಶ್ರಮವಿದೆ. ಮಾರ್ದೋಳದ ಮ್ಹಾಳಸೆ, ಮಂಗೇಶಿಯ ಮಂಗೇಶ ಇಬ್ಬರೂ ನೆರೆಯವರು. ಯಾತ್ರೆಗೆ ಹೋದವರು ಇಷ್ಟನ್ನು ಹೇಳುತ್ತಾರೆ. ಡ್ರೈವರನ್ನು ಕೇಳಿದರೆ ಕುಂಡಯಿ ಎಂದರೆ ಕೈಗಾರಿಕಾ ಎಸ್ಟೇಟ್ ಎನ್ನುತ್ತಾನೆ. ಗೇಟಿನ ಮುಂದೆ ಸರದಿ, ಇಳಿಸುವ ಮಾಲು, ಮತ್ತೆ ತುಂಬುವ ಮಾಲು.

ಅಲ್ಲಿ ಕಿವಿಗೊಟ್ಟರೆ ಆಗಾಗ ಕೇಳುವ ಮಾತೊಂದಿದೆ.

"ಕಾಕಾ, ಗಾಡಿ ಏರಿನ್ಯಾಗ ಎಳೀವಲ್ದು."

"ಮೀಟರಿನ್ಯಾಗ ಲೈಟ್ ಬಂದೈತೇನ?"

"ಬಂದೈತ್ರಿ. ಸ್ಕ್ಯಾನರ್ ಹಚ್ಚಿ ನೋಡಿದ್ರು. ರೇಲ್ ಪ್ರೆಶರ್ ಕಮ್ಮಿ ಐತಿ ಅಂದ್ರು. ಪಂಪ್ ಹೋಗೇತಿ ಅಂದ್ರು."

ಈ ಕೊನೆಯ ಮಾತಿಗೆ ತಲೆಯಾಡಿಸಿದರೆ ಹತ್ತಾರು ಸಾವಿರ ರೂಪಾಯಿ ಹೋಯಿತೆಂದೇ ಲೆಕ್ಕ. ಸ್ಕ್ಯಾನರ್ ಹೇಳಿದ್ದು ಪಂಪ್ ಹೋಗಿದೆ ಎಂದಲ್ಲ. ಒತ್ತಡ ಕಡಿಮೆ ಇದೆ ಎಂದಷ್ಟೇ. ಜ್ವರ ಇದೆ ಎಂದು ಹೇಳಿದಂತೆ ಅದು. ಜ್ವರಕ್ಕೆ ಕಾರಣವೇನೆಂದು ಇನ್ನೂ ಹುಡುಕಬೇಕು. ಆ ಹುಡುಕುವ ಕ್ರಮವೇ ಇವತ್ತಿನ ವಿಷಯ.

ಮೊದಲು ದಾರಿ ತಿಳಿದುಕೊಳ್ಳೋಣ. ಡೀಸೆಲ್ ಟ್ಯಾಂಕಿನಲ್ಲಿ ಹುಟ್ಟುವ ಹೊಳೆ ಎಂದುಕೊಳ್ಳಬೇಡಿ, ಅದನ್ನು ಯಾರೋ ಎಳೆಯಬೇಕು. ಟ್ಯಾಂಕಿನ ತಳದಲ್ಲಿ ಒಂದು ಜಾಲರಿ. ಅಲ್ಲಿಂದ ಪೈಪು. ನಂತರ ಡೀಸೆಲ್ ಫಿಲ್ಟರ್, ಅದರ ಕೆಳಗೆ ನೀರು ನಿಲ್ಲುವ ಜಾಗ. ಕೆಲವು ಗಾಡಿಗಳಲ್ಲಿ ಫಿಲ್ಟರಿನ ಮೇಲೆ ಕೈಯಿಂದ ಒತ್ತುವ ಪಂಪು. ಅಲ್ಲಿಂದ ಎಂಜಿನ್ನಿಗೆ ಕೂಡಿಸಿದ ದೊಡ್ಡ ಪಂಪು. ದೊಡ್ಡ ಪಂಪಿನಿಂದ ರೇಲ್. ರೇಲ್ ಎಂದರೆ ಎಂಜಿನ್ನಿನ ಮೇಲೆ ಅಡ್ಡ ಮಲಗಿದ ದಪ್ಪ ಉಕ್ಕಿನ ಕೊಳವೆ. ರೇಲಿನಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್. ನಮ್ಮ ಮೆಕ್ಯಾನಿಕ್‌ಗಳು ಇನ್ನೂ ನಾಜಲ್ ಎಂದೇ ಕರೆಯುತ್ತಾರೆ. ಉರಿಯದೆ ಉಳಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ.

ಈ ದಾರಿಯಲ್ಲಿ ಎರಡು ಸೀಮೆಗಳಿವೆ. ದೊಡ್ಡ ಪಂಪಿನವರೆಗೆ ಕಡಿಮೆ ಒತ್ತಡದ ಸೀಮೆ. ಟ್ಯಾಂಕಿನಲ್ಲಿ ಕರೆಂಟಿನ ಪಂಪು ಇದ್ದರೆ ಇಲ್ಲಿ ಒತ್ತಡ ಸುಮಾರು 4 ಬಾರ್. ಟೈರಿಗೆ ಗಾಳಿ ಹಾಕಿಸುವ ಲೆಕ್ಕದಲ್ಲಿ 60 ಪಿಎಸ್‌ಐ ಆಸುಪಾಸು. ಕರೆಂಟಿನ ಪಂಪು ಇಲ್ಲದ ಗಾಡಿಯಲ್ಲಿ ದೊಡ್ಡ ಪಂಪೇ ಡೀಸೆಲನ್ನು ಹೀರಿಕೊಳ್ಳುತ್ತದೆ. ದೊಡ್ಡ ಪಂಪು ದಾಟಿದ ಮೇಲೆ ಹೆಚ್ಚಿನ ಒತ್ತಡದ ಸೀಮೆ. ಗಾಡಿ ಸುಮ್ಮನೆ ನಿಂತು ಓಡುವಾಗಲೇ ಅಲ್ಲಿ 300 ಬಾರ್ ಸುತ್ತಮುತ್ತ ಇರುತ್ತದೆ. ಲೋಡ್ ಹೊತ್ತು ಏರು ಹತ್ತುವಾಗ 1600 ಬಾರ್ ತನಕ ಹೋಗುತ್ತದೆ. ಪಿಎಸ್‌ಐ ಲೆಕ್ಕದಲ್ಲಿ 23 ಸಾವಿರ.

ಗಮನಿಸಿ. ಅಗ್ಗದ ವಸ್ತುಗಳೆಲ್ಲ ದಾರಿಯ ಆರಂಭದಲ್ಲಿವೆ. ಮುಚ್ಚಳ, ಜಾಲರಿ, ರಬ್ಬರ್ ಪೈಪು, ಫಿಲ್ಟರ್, ವಾಷರ್. ದುಬಾರಿ ವಸ್ತುಗಳೆಲ್ಲ ಕೊನೆಯಲ್ಲಿವೆ. ಪಂಪು, ಇಂಜೆಕ್ಟರ್. ಆದ್ದರಿಂದ ಡೀಸೆಲ್ ಹರಿದ ದಾರಿಯಲ್ಲೇ ಟ್ಯಾಂಕಿನಿಂದ ಹೊರಟರೆ ಕ್ರಮವೂ ಸರಿ, ಜೇಬಿಗೂ ಸರಿ. ಕೊನೆಯಿಂದ ಆರಂಭಿಸುವುದು ನಮ್ಮಲ್ಲಿ ಯಾಕೆ ರೂಢಿಯಾಯಿತೋ! ಒಂದು ಕಾರಣ ನನಗೆ ತೋರುವುದು ಇದು: ದೊಡ್ಡ ಪಂಪು ಬಾನೆಟ್ ಎತ್ತಿದರೆ ಎದುರಿಗೇ ಸಿಗುತ್ತದೆ. ಟ್ಯಾಂಕಿನ ಜಾಲರಿ ನೋಡಬೇಕಾದರೆ ಗಾಡಿಯ ಕೆಳಗೆ ಮಲಗಬೇಕು.

ದಾರಿ ತಿಳಿಯಿತು. ಎರಡು ಸೀಮೆ ತಿಳಿಯಿತು. ಇನ್ನು ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿ ಏನು ಹೇಳುತ್ತಿದೆ ಎಂದು ಕೇಳೋಣ.

ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಗಾಡಿ ಚಾಲೂ ಆಗುತ್ತದೆ. ಆಮೇಲೆ ದಿನವೆಲ್ಲ ಚೆನ್ನಾಗಿ ಓಡುತ್ತದೆ. ಹಾಗಿದ್ದರೆ ಎಲ್ಲೋ ಗಾಳಿ ಒಳಗೆ ಬರುತ್ತಿದೆ. ರಾತ್ರಿ ನಿಂತಾಗ ಪೈಪಿನ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತಿದೆ.

ಸುಲಭವಾಗಿ ಚಾಲೂ ಆಗುತ್ತದೆ. ಸಮತಟ್ಟಿನಲ್ಲಿ ಓಡುತ್ತದೆ. ಏರಿನಲ್ಲಿ ಮಾತ್ರ ಲೈಟ್ ಹತ್ತಿ ಶಕ್ತಿ ಬೀಳುತ್ತದೆ. ಹಾಗಿದ್ದರೆ ಎಂಜಿನ್ ಕೇಳಿದಷ್ಟು ಡೀಸೆಲ್ ಬರುತ್ತಿಲ್ಲ. ಫಿಲ್ಟರ್, ಜಾಲರಿ, ಮಡಚಿದ ಪೈಪು ಇವುಗಳ ಮೇಲೆ ಸಂಶಯ.

ತಣ್ಣಗಿದ್ದಾಗ ಸರಿ. ಬಿಸಿಯಾಗಿ ನಿಲ್ಲಿಸಿದ ಮೇಲೆ ಮತ್ತೆ ಚಾಲೂ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಆಗುತ್ತದೆ. ಇದು ಕೊಂಚ ಚಿಂತೆಯ ಲಕ್ಷಣ. ಬಿಸಿಯಾದ ಡೀಸೆಲ್ ತೆಳುವಾಗುತ್ತದೆ. ಸವೆದ ಇಂಜೆಕ್ಟರ್, ಸವೆದ ಪಂಪಿನ ಸಂದಿನಲ್ಲಿ ಹೆಚ್ಚು ಜಾರುತ್ತದೆ. ಸೆಲ್ಫ್ ತಿರುಗುವ ನಿಧಾನ ವೇಗದಲ್ಲಿ ರೇಲಿನ ಒತ್ತಡ ಏಳುವುದೇ ಇಲ್ಲ. ಸುಮಾರು 200 ಬಾರ್ ಆದರೂ ಏರದಿದ್ದರೆ ಎಷ್ಟೋ ಗಾಡಿಗಳಲ್ಲಿ ಎಂಜಿನ್ ನಡೆಸುವ ಕಂಪ್ಯೂಟರ್ ಇಂಜೆಕ್ಟರುಗಳನ್ನು ತೆರೆಯುವುದಿಲ್ಲ.

ಈ ಮೂರು ಲಕ್ಷಣ ನೆನಪಿಡಿ. ಬೆಳಗಿನ ತೊಂದರೆ, ಏರಿನ ತೊಂದರೆ, ಬಿಸಿಯ ತೊಂದರೆ. ಮೆಕ್ಯಾನಿಕ್ ಹತ್ತಿರ ಹೋದಾಗ "ಗಾಡಿ ಸರಿ ಇಲ್ಲ" ಎನ್ನಬೇಡಿ. ಯಾವಾಗ ಸರಿ ಇಲ್ಲ ಎಂದು ಹೇಳಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಈಗ ಟ್ಯಾಂಕಿಗೆ ಬರೋಣ.

ಗಾಡಿ ಶಕ್ತಿ ಕಳೆದುಕೊಂಡ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಟ್ಯಾಂಕಿನ ಮುಚ್ಚಳ ಬಿಚ್ಚಿ. ಭುಸ್ಸೆಂದು ಗಾಳಿ ಜೋರಾಗಿ ಒಳಕ್ಕೆ ಎಳೆದುಕೊಂಡಿತೇ? ಮುಚ್ಚಳ ಸಡಿಲ ಬಿಟ್ಟಮೇಲೆ ಗಾಡಿ ಮತ್ತೆ ಎಳೆಯಿತೇ? ಹಾಗಾದರೆ ಟ್ಯಾಂಕು ಉಸಿರಾಡುವ ಸಣ್ಣ ರಂಧ್ರ ಮುಚ್ಚಿದೆ. ಕೆಂಪು ಮಣ್ಣಿನ ಧೂಳು ಮತ್ತು ಮಳೆ ಸೇರಿದರೆ ಆ ರಂಧ್ರಕ್ಕೆ ಗಾರೆ ಹಾಕಿದ ಹಾಗೆಯೇ. ಇದಕ್ಕೆ ಖರ್ಚಿಲ್ಲ.

ಮುಚ್ಚಳ ಸರಿ ಇದ್ದರೆ ಒಂದು ಒಳ್ಳೆಯ ಪರೀಕ್ಷೆ ಇದೆ. ಸ್ವಚ್ಛವಾದ ಐದು ಲೀಟರಿನ ಕ್ಯಾನಿನಲ್ಲಿ ಸ್ವಚ್ಛ ಡೀಸೆಲ್ ತೆಗೆದುಕೊಳ್ಳಿ. ಟ್ಯಾಂಕಿನಿಂದ ಫಿಲ್ಟರಿಗೆ ಬರುವ ಪೈಪು ಬಿಚ್ಚಿ, ಬೇರೊಂದು ಪೈಪಿನಿಂದ ಈ ಕ್ಯಾನಿನ ಡೀಸೆಲ್ ಫಿಲ್ಟರಿಗೆ ಕೊಡಿ. ಕ್ಯಾನು ಬಿಸಿ ಎಂಜಿನ್ನಿಗೆ ತಾಗದಂತೆ ಭದ್ರವಾಗಿರಲಿ. ನಿಂತಲ್ಲೇ ಎಂಜಿನ್ ಓಡಿಸಿ ನೋಡಿ. ರೇಲಿನ ಒತ್ತಡ ಸರಿಯಾದರೆ ತಪ್ಪು ಹಿಂದೆ ಇದೆ: ಟ್ಯಾಂಕು, ಜಾಲರಿ, ಇಲ್ಲವೇ ಪೈಪು. ಸರಿಯಾಗದಿದ್ದರೆ ತಪ್ಪು ಮುಂದೆ ಇದೆ. ಒಂದೇ ಪರೀಕ್ಷೆಯಲ್ಲಿ ಅರ್ಧ ದಾರಿ ಕಳೆಯಿತು. ಟ್ಯಾಂಕಿನಲ್ಲೇ ಕರೆಂಟಿನ ಪಂಪು ಇರುವ ಗಾಡಿಯಲ್ಲಿ ಈ ಪರೀಕ್ಷೆ ಇದೇ ರೀತಿ ನಡೆಯುವುದಿಲ್ಲ. ಅಲ್ಲಿ ಫಿಲ್ಟರಿನ ಮೊದಲೇ ಗೇಜು ಹಚ್ಚಿ ಒತ್ತಡ ಅಳೆಯಬೇಕು.

ಆ ಕರೆಂಟಿನ ಪಂಪಿನ ಬಗ್ಗೆಯೂ ಎರಡು ಮಾತು. ಚಾವಿ ತಿರುಗಿಸಿದಾಗ ಟ್ಯಾಂಕಿನ ಹತ್ತಿರ ಕೆಲವು ಕ್ಷಣ ಗುಂಯ್ ಎಂಬ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್ ನೋಡಿ, ರಿಲೇ ನೋಡಿ, ಪ್ಲಗ್ಗಿನ ತುದಿಗಳನ್ನು ನೋಡಿ. ಗೋವಾದ ಮಳೆಗಾಲದ ತೇವದಲ್ಲಿ ಈ ತುದಿಗಳು ಹಸಿರು ಹಿಡಿಯುತ್ತವೆ. ಸದ್ದು ಬಂದ ಮಾತ್ರಕ್ಕೆ ಪಂಪು ಗಟ್ಟಿ ಎಂದೂ ಅಲ್ಲ. ತುಕ್ಕು ಹಿಡಿದ ಅರ್ಥ್ ತಂತಿಯಿಂದ ಅರೆಬರೆ ಕರೆಂಟು ಸಿಕ್ಕರೂ ಅದು ತಿರುಗುತ್ತದೆ, ಆದರೆ ಒತ್ತಡ ಕೊಡುವುದಿಲ್ಲ. ಪಂಪು ಓಡುತ್ತಿರುವಾಗಲೇ ಮೀಟರ್ ಇಟ್ಟು ವೋಲ್ಟೇಜ್ ಅಳೆಯಬೇಕು.

ಇಲ್ಲಿಯವರೆಗೆ ಮುಚ್ಚಳ, ಜಾಲರಿ, ಟ್ಯಾಂಕಿನ ಪಂಪು ಆಯಿತು. ಮುಂದಿನ ನಿಲ್ದಾಣ ಫಿಲ್ಟರ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಗೋವಾದ ಗಾಡಿಗಳ ಕಥೆ ಅರ್ಧಕ್ಕರ್ಧ ಇಲ್ಲೇ ಇದೆ ಎಂದು ನನ್ನ ಅನಿಸಿಕೆ.

ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನ ಗಾಡಿ ರಾತ್ರಿ ಎಸ್ಟೇಟಿನ ಗೇಟಿನಲ್ಲಿ ನಿಂತಿರುತ್ತದೆ. ಟ್ಯಾಂಕಿನ ಖಾಲಿ ಜಾಗದಲ್ಲಿ ತೇವದ ಗಾಳಿ. ತಣ್ಣಗಾದಾಗ ಆ ತೇವ ಹನಿಯಾಗಿ ತಗಡಿಗೆ ಅಂಟುತ್ತದೆ. ಹನಿ ಇಳಿದು ತಳ ಸೇರುತ್ತದೆ. ನೀರು ಡೀಸೆಲಿಗಿಂತ ಭಾರ. ತಳದಲ್ಲಿ ಕೂತು ತುಕ್ಕು ಎಬ್ಬಿಸುತ್ತದೆ. ನೀರು ಮತ್ತು ಡೀಸೆಲ್ ಸಂಧಿಸುವ ಕಡೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಆ ಲೋಳೆ ಜಾಲರಿಗೂ ಫಿಲ್ಟರಿಗೂ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಮಳೆಗಾಲದಲ್ಲಿ ರಾತ್ರಿ ನಿಲ್ಲಿಸುವ ಮೊದಲು ಟ್ಯಾಂಕು ತುಂಬಿಸಿಡುವುದು ಒಳ್ಳೆಯದು. ಕೈಯಲ್ಲಿ ಹಣವಿದ್ದಾಗ ತಾನೇ ಅದು, ಎನ್ನುವಿರಿ. ನಿಜ. ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸುವುದಕ್ಕಾದರೂ ಹಣ ಬೇಡ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಡಿ.

ಇಳಿಸಿದ್ದನ್ನು ನೆಲಕ್ಕೆ ಚೆಲ್ಲಬೇಡಿ. ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆಯೇ ಪದರ ಕಂಡರೆ ಅದು ನೀರು. ಇಡೀ ಬಾಟಲಿ ಮಸಕಾಗಿ ಹಾಲುಹಾಲಾಗಿದ್ದರೆ ನೀರು ಡೀಸೆಲಿನಲ್ಲಿ ಕಲೆಸಿಹೋಗಿದೆ. ಕಪ್ಪು ಚೂರು ಕಂಡರೆ ಲೋಳೆ. ಬಿಸಿಲಿಗೆ ಹಿಡಿದಾಗ ಮಿನುಗುವ ಪುಡಿ ಕಂಡರೆ ಸೆಲ್ಫ್ ಹೊಡೆಯಬೇಡಿ, ಗಾಡಿ ಎಳೆಸಿಕೊಂಡು ಹೋಗಿ. ಅದು ಲೋಹ. ಆ ಮಾತಿಗೆ ಮುಂದೆ ಬರುತ್ತೇನೆ.

ನೀರು ಯಾಕೆ ಇಷ್ಟು ಕೆಟ್ಟದ್ದು? ದೊಡ್ಡ ಪಂಪಿನೊಳಗೆ ಬೇರೆ ಆಯಿಲ್ ಇಲ್ಲ. ಒಳಗಿನ ಭಾಗಗಳಿಗೆ ಜಾರಿಕೆ ಕೊಡುವುದು ಡೀಸೆಲೇ. ನೀರು ಸೇರಿದರೆ ಲೋಹಕ್ಕೆ ಲೋಹ ತಿಕ್ಕುತ್ತದೆ.

ಫಿಲ್ಟರ್ ಬದಲಿಸುವಾಗ ನಮ್ಮಲ್ಲಿ ಒಂದು ಕೆಟ್ಟ ರೂಢಿ ಇದೆ. ಹೊಸ ಫಿಲ್ಟರಿಗೆ ಮಗ್ಗಿನಿಂದ ಡೀಸೆಲ್ ತುಂಬಿ ಕೂರಿಸುವುದು. ಹಾಗೆ ನಡುವಿನ ತೂತಿನಲ್ಲಿ ಹೊಯ್ದ ಡೀಸೆಲ್ ಸೋಸದೆ ನೇರ ಪಂಪಿಗೆ ಹೋಗುತ್ತದೆ. ಮಗ್ಗಿನ ಧೂಳೂ ಅದರೊಂದಿಗೆ. ಖಾಲಿ ಫಿಲ್ಟರೇ ಕೂರಿಸಿ. ಕೈಪಂಪು ಗಟ್ಟಿಯಾಗುವ ತನಕ ಒತ್ತಿ. ಕೈಪಂಪು ಇಲ್ಲದ ಗಾಡಿಯಲ್ಲಿ ಚಾವಿ ಹಲವು ಸಲ ಹಾಕಿ ತೆಗೆದು ಕರೆಂಟಿನ ಪಂಪಿನಿಂದಲೇ ತುಂಬಿಸಿ. ಇನ್ನೊಂದು ಮಾತು: ಅಗ್ಗದ ನಕಲಿ ಫಿಲ್ಟರಿನಲ್ಲಿ ಉಳಿಸಿದ ನೂರು ರೂಪಾಯಿ ಇಂಜೆಕ್ಟರಿನಲ್ಲಿ ಸಾವಿರವಾಗಿ ಹೋಗುತ್ತದೆ.

ಫಿಲ್ಟರ್ ಆಯಿತು, ನೀರು ಆಯಿತು. ಈಗ ಗಾಳಿ. ಡ್ರೈವರುಗಳು "ಏರ್ ಹಿಡಿದೈತಿ" ಎನ್ನುತ್ತಾರಲ್ಲ, ಅದು.

ಹೀರುವ ಪೈಪಿನಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸುರಿಯುವುದಿಲ್ಲ. ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಕೆಳಗೆ ಒಂದು ಹನಿಯೂ ಬಿದ್ದಿಲ್ಲವೆಂದು ಪೈಪು ಸರಿ ಎನ್ನಲಾಗದು. ನೋಡುವ ಉಪಾಯ ಹೀಗೆ. ಫಿಲ್ಟರಿನಿಂದ ದೊಡ್ಡ ಪಂಪಿಗೆ ಹೋಗುವ ಕಡೆ ಒಂದು ಗೇಣು ಪಾರದರ್ಶಕ ಪೈಪು ಹಾಕಿ. ಡೀಸೆಲಿಗೆ ತಡೆಯುವಂಥದ್ದೇ ಇರಲಿ. ಎಂಜಿನ್ ಓಡಿಸಿ. ಆರಂಭದಲ್ಲಿ ಒಂದೆರಡು ಗುಳ್ಳೆ ಸಹಜ. ಗುಳ್ಳೆಗಳ ಸಾಲು ನಿಲ್ಲದೇ ಬರುತ್ತಿದ್ದರೆ ಗಾಳಿ ಸೇರುತ್ತಿದೆ. ಫಿಲ್ಟರಿನ ಓ ರಿಂಗ್, ತಾಮ್ರದ ವಾಷರ್, ಸಡಿಲವಾದ ಕ್ಲಿಪ್ಪು, ಕೈಪಂಪಿನ ಒಳಗಿನ ರಬ್ಬರ್ ಇವನ್ನು ಒಂದೊಂದಾಗಿ ನೋಡಿ. ಇಲಿ ಕಡಿದ ಪೈಪನ್ನೂ ನೋಡಿ. ಅಕ್ಕಿ, ಪಶು ಆಹಾರ ಹೊರುವ ಗಾಡಿಗೆ ಇಲಿ ಬಿಟ್ಟಿ ಪ್ರಯಾಣಿಕ.

ಒಮ್ಮೆ ಹಿಂತಿರುಗಿ ನೋಡೋಣ. ಟ್ಯಾಂಕು, ಫಿಲ್ಟರ್, ನೀರು, ಗಾಳಿ. ಇಷ್ಟೂ ಕಡಿಮೆ ಒತ್ತಡದ ಸೀಮೆ. ಇದನ್ನು ಡ್ರೈವರೇ ನೋಡಬಹುದು. ಇಷ್ಟೂ ಸರಿ ಇದ್ದರೆ ಮಾತ್ರ ಗಡಿ ದಾಟಬೇಕು. ಗಡಿ ದಾಟುವ ಮೊದಲು ಒಂದು ಎಚ್ಚರಿಕೆ. ಇದಕ್ಕೊಂದು ಹಳೆಯ ಕಥೆಯ ಹಿನ್ನೆಲೆ ಇದೆ.

1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಆರಂಭವಾಯಿತು. ಜನ ಕರೆದದ್ದು ಮೈಕೋ ಎಂದು. ಆಡುಗೋಡಿಯ ಆ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ದೇಶದ ಲಾರಿ, ಟ್ರ್ಯಾಕ್ಟರುಗಳಿಗೆಲ್ಲ ಹೋದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾಯಿತು. ಹಳೆಯ ಮೇಸ್ತ್ರಿಗಳ ಬಾಯಲ್ಲಿ ಇನ್ನೂ ಮೈಕೋ ಪಂಪೇ. ಆ ಕಾಲದ ಪಂಪು ಒಂದೊಂದು ಸಿಲಿಂಡರಿಗೆ ಒಂದೊಂದು ಸಲ ಡೀಸೆಲ್ ತಳ್ಳುತ್ತಿತ್ತು. ಗಾಳಿ ತೆಗೆಯಬೇಕಾದರೆ ಮೇಸ್ತ್ರಿ ನಾಜಲ್ ನಟ್ಟು ಸಡಿಲಿಸಿ, ಹುಡುಗನಿಗೆ "ಸೆಲ್ಫ್ ಹೊಡಿ" ಎನ್ನುತ್ತಿದ್ದ. ಆ ಪಂಪಿಗೆ ಅದೇ ಸರಿಯಾದ ವಿದ್ಯೆಯಾಗಿತ್ತು. ಎಂಜಿನ್ನಿನ ಸದ್ದು ಕೇಳಿಯೇ ಯಾವ ನಾಜಲ್ ಸೋತಿದೆ ಎಂದು ಹೇಳುವವರಿದ್ದರು.

1997ರಲ್ಲಿ ಇಟಲಿಯ ಆಲ್ಫಾ ರೋಮಿಯೋ 156 ಕಾರಿನೊಂದಿಗೆ ಕಾಮನ್ ರೇಲ್ ಪದ್ಧತಿ ಕಾರುಗಳಿಗೆ ಬಂತು. ಇಲ್ಲಿ ರೇಲಿನಲ್ಲಿ ಒತ್ತಡ ಸದಾ ತುಂಬಿಕೊಂಡಿರುತ್ತದೆ. ನಮ್ಮಲ್ಲಿ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮಗಳು ಬಿಗಿಯಾದಂತೆ ಪಿಕಪ್ಪುಗಳಿಗೂ ಇದೇ ಬಂತು. ದೇಶಕ್ಕೆಲ್ಲ 2017ರಲ್ಲಿ ನಾಲ್ಕನೇ ಹಂತ, 2020ರಲ್ಲಿ ಆರನೇ ಹಂತ.

ಆದ್ದರಿಂದ ದಯವಿಟ್ಟು ಕೇಳಿ. ಇವತ್ತಿನ ಗಾಡಿಯಲ್ಲಿ ಎಂಜಿನ್ ಓಡುವಾಗಾಗಲಿ, ಸೆಲ್ಫ್ ಹೊಡೆಯುವಾಗಾಗಲಿ ರೇಲಿನ ಅಥವಾ ಇಂಜೆಕ್ಟರಿನ ಉಕ್ಕಿನ ಪೈಪಿನ ನಟ್ಟು ಸಡಿಲಿಸಬೇಡಿ. ಸೋರಿಕೆ ಎಲ್ಲಿದೆ ಎಂದು ಬೆರಳಿನಿಂದ ಸವರಿ ನೋಡಬೇಡಿ. ಸೂಜಿಗಿಂತ ಸಣ್ಣ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕಿಯಷ್ಟು ಗಾಯ. ನೋವೂ ಮೊದಲು ಹೆಚ್ಚಿರುವುದಿಲ್ಲ. ಒಳಗೆ ಮಾಂಸ ಕೊಳೆಯತೊಡಗುತ್ತದೆ. ಹಾಗಾದರೆ ಅರಿಶಿನ ಹಚ್ಚಿ ಕೂರಬೇಡಿ. ಕೂಡಲೇ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ಕುಂಡಯಿ ಕಡೆಯವರಿಗೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. "ಹೆಚ್ಚಿನ ಒತ್ತಡದ ಡೀಸೆಲ್ ಕೈಯೊಳಗೆ ಹೊಕ್ಕಿದೆ" ಎಂದು ಇದೇ ಮಾತಿನಲ್ಲಿ ಡಾಕ್ಟರಿಗೆ ಹೇಳಿ. ಎಂಜಿನ್ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು, ಸ್ಕ್ಯಾನರಿನಲ್ಲಿ ರೇಲ್ ಒತ್ತಡ ಸೊನ್ನೆಯ ಹತ್ತಿರ ಬಂದ ಮೇಲೆಯೇ ಆ ಪೈಪು ಮುಟ್ಟಬೇಕು.

ಎಚ್ಚರಿಕೆ ಹೇಳಿಯಾಯಿತು. ಇನ್ನು ಹೆಚ್ಚಿನ ಒತ್ತಡದ ಸೀಮೆ. ಇಲ್ಲಿ ಮೆಕ್ಯಾನಿಕ್ ಬೇಕು. ಆದರೆ ಅವನು ಏನು ಮಾಡುತ್ತಿದ್ದಾನೆ ಎಂದು ನಿಮಗೆ ತಿಳಿದಿರಲಿ.

ಸ್ಕ್ಯಾನರಿನಲ್ಲಿ ಪಿ 0087 ಎಂದು ಬರುತ್ತದೆ. ರೇಲಿನಲ್ಲಿ ಒತ್ತಡ ಕಡಿಮೆ ಎಂಬುದರ ಕೋಡ್ ಸಂಖ್ಯೆ ಅದು. ಸಂಖ್ಯೆ ಓದಿ ನಿಲ್ಲಿಸಬಾರದು. ಎರಡು ಅಂಕಿ ಕೇಳಿ. ಕಂಪ್ಯೂಟರ್ ಕೇಳಿದ ಒತ್ತಡ ಎಷ್ಟು? ರೇಲಿನಲ್ಲಿ ಇರುವ ಒತ್ತಡ ಎಷ್ಟು? ರಾತ್ರಿಯಿಡೀ ನಿಂತ ಗಾಡಿಗೆ ಬರೀ ಚಾವಿ ಹಾಕಿದಾಗ ಒತ್ತಡ ಸೊನ್ನೆಯ ಆಸುಪಾಸು ತೋರಬೇಕು. ಎಂಜಿನ್ ನಿಂತಿರುವಾಗಲೇ ನೂರಾರು ಬಾರ್ ತೋರಿದರೆ ಸೆನ್ಸರ್ ಅಥವಾ ಅದರ ತಂತಿ ಸುಳ್ಳು ಹೇಳುತ್ತಿದೆ.

ಸೆನ್ಸರ್ ಸತ್ಯ ಹೇಳುತ್ತಿದ್ದರೆ ಮುಂದಿನದು ಬಾಟಲಿ ಪರೀಕ್ಷೆ. ಒಂದೊಂದು ಇಂಜೆಕ್ಟರಿನ ರಿಟರ್ನ್ ಕೊಳವೆಗೆ ಒಂದೊಂದು ಬಾಟಲಿ. ಮೂರು ಸಿಲಿಂಡರಿಗೆ ಮೂರು, ನಾಲ್ಕಕ್ಕೆ ನಾಲ್ಕು. ಕೆಲವು ನಿಮಿಷ ಎಂಜಿನ್ ಓಡಿಸಿದರೆ ಬಾಟಲಿಗಳು ಹೆಚ್ಚುಕಡಿಮೆ ಸಮನಾಗಿ ತುಂಬಬೇಕು. ಒಂದು ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ರೇಲಿಗೆ ಬಂದ ಒತ್ತಡವನ್ನು ಅದೊಂದೇ ಹಿಂದಕ್ಕೆ ಕಳಿಸುತ್ತಿದೆ. ಪಂಪಿನದೇನೂ ತಪ್ಪಿಲ್ಲ. ರೇಲಿನ ತುದಿಯಲ್ಲಿ ಒತ್ತಡ ಮಿತಿ ಮೀರಿದಾಗ ತೆರೆಯುವ ವಾಲ್ವ್ ಇದ್ದರೆ ಅದರ ರಿಟರ್ನನ್ನೂ ನೋಡಬೇಕು. ಸಾಮಾನ್ಯ ಓಟದಲ್ಲಿ ಅಲ್ಲಿಂದ ಡೀಸೆಲ್ ಬರಬಾರದು.

ಇದೂ ಸರಿ ಇದ್ದರೆ ದೊಡ್ಡ ಪಂಪಿಗೆ ಅಂಟಿದ ಅಳತೆಯ ವಾಲ್ವ್. ಪಂಪಿಗೆ ಎಷ್ಟು ಡೀಸೆಲ್ ಒಳಬಿಡಬೇಕೆಂದು ಕಂಪ್ಯೂಟರ್ ಈ ವಾಲ್ವಿನಿಂದ ನಡೆಸುತ್ತದೆ. ಕೊಳೆಯಿಂದ ಇದು ಸಿಕ್ಕಿಕೊಳ್ಳುವುದುಂಟು. ಇಷ್ಟೆಲ್ಲ ಆದಮೇಲೆ, ಕಟ್ಟಕಡೆಗೆ, ಪಂಪು.

ಆಗಲೇ ಹೇಳಿದ ಮಿನುಗುವ ಪುಡಿಯ ಮಾತು ಈಗ. ಪಂಪಿನೊಳಗೆ ಲೋಹ ತಿಕ್ಕಿ ಪುಡಿ ಎದ್ದಿದ್ದರೆ ಬರೀ ಪಂಪು ಬದಲಿಸಿ ಪ್ರಯೋಜನವಿಲ್ಲ. ಆ ಪುಡಿ ರೇಲಿಗೆ ಹೋಗಿರುತ್ತದೆ, ಇಂಜೆಕ್ಟರಿಗೆ ಹೋಗಿರುತ್ತದೆ, ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೂ ಹೋಗಿರುತ್ತದೆ. ಟ್ಯಾಂಕು ಇಳಿಸಿ ತೊಳೆಯದೆ ಹೊಸ ಪಂಪು ಹಾಕಿದರೆ ಅದೇ ಪುಡಿ ಮತ್ತೆ ಸುತ್ತು ಹೊಡೆದು ಬರುತ್ತದೆ. ಈ ಕೆಲಸಕ್ಕೆ ಒಪ್ಪುವ ಮೊದಲು ಅಳತೆ ಮಾಡಿದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕಡಿಮೆ ಸೀಮೆಯ ಒತ್ತಡ, ರೇಲಿನ ಒತ್ತಡ, ಒಂದೊಂದು ಬಾಟಲಿಯ ಮಟ್ಟ. ಅಂಕಿ ಕೊಡದೆ "ಪಂಪ್ ಹೋಗೇತಿ" ಎನ್ನುವವರಿಗೆ ಕೈ ಮುಗಿದು ಮುಂದಿನ ಗ್ಯಾರೇಜಿಗೆ ಹೋಗಿ.

ದಾರಿ ಪೂರ್ತಿ ನಡೆದಾಯಿತು. ಘಾಟಿಯಲ್ಲಿ ಸಿಕ್ಕಿಬಿದ್ದವರಿಗೆ ಒಂದಿಷ್ಟು. ಗೋವಾದಿಂದ ಮರಳುವಾಗ ಮೊಲೆಮ್ ದಾಟಿ ಅನಮೋಡದ ಏರು. ಹಿಂದೆ ಮಾಲು, ಮೇಲೆ ಮಳೆ. ಶಕ್ತಿ ಬಿತ್ತು. ತಿರುವಿನಲ್ಲಿ ನಿಲ್ಲಿಸಬೇಡಿ. ಶಕ್ತಿ ಇರುವಷ್ಟರಲ್ಲೇ ಅಗಲವಾದ ಜಾಗ ಹಿಡಿಯಿರಿ. ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಳ ಸಡಿಲಿಸಿ, ನೀರು ಇಳಿಸಿ, ಕೈಪಂಪು ಒತ್ತಿ. ಸೆಲ್ಫ್ ಒಂದೇ ಸಮನೆ ಹೊಡೆಯಬೇಡಿ. ಹತ್ತು ಸೆಕೆಂಡು ಹೊಡೆದು ಒಂದು ನಿಮಿಷ ಬಿಡಿ. ಮೂರ್ನಾಲ್ಕು ಸಲಕ್ಕೂ ಬರದಿದ್ದರೆ ಬ್ಯಾಟರಿ ಉಳಿಸಿಕೊಳ್ಳಿ, ರಾತ್ರಿ ಹಿಂದಿನ ಲೈಟ್ ಉರಿಯಬೇಕು.

ದುರಸ್ತಿ ಮುಗಿದ ಮೇಲೆ ಖಾಲಿ ಗಾಡಿಯಲ್ಲಿ ಎಸ್ಟೇಟಿನೊಳಗೆ ಒಂದು ಸುತ್ತು ಹೊಡೆದು ಹಣ ಎಣಿಸಬೇಡಿ. ಲೋಡ್ ಹಾಕಿ. ಏರು ಇರುವ ರಸ್ತೆಗೆ ಹೋಗಿ. ಸ್ಕ್ಯಾನರ್ ಪಕ್ಕದ ಸೀಟಿನವರ ಕೈಯಲ್ಲಿರಲಿ, ಡ್ರೈವರಿನ ಕಣ್ಣು ರಸ್ತೆಯ ಮೇಲಿರಲಿ. ಮೂರನೇ ಗೇರಿನಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೇಳಿದ ಒತ್ತಡ ಮತ್ತು ಇರುವ ಒತ್ತಡ ಎರಡೂ ಜೊತೆಯಾಗಿ ಏರಬೇಕು, ಜೊತೆಯಾಗಿ ಇಳಿಯಬೇಕು. ಬಿಸಿ ಎಂಜಿನ್ನನ್ನು ನಿಲ್ಲಿಸಿ ಒಮ್ಮೆ ಮತ್ತೆ ಚಾಲೂ ಮಾಡಿ ನೋಡಿ. ಅಷ್ಟಾದ ಮೇಲೆ ಹಳೆಯ ಕೋಡ್ ಅಳಿಸಿಸಿ, ಹಣ ಕೊಡಿ.